ಎರಡು ರಿಯಾಯಿತಿಗಳ ಸಂಧಿ

ತುಮಕೂರಿನ ಮರಳೂರು ದಿಣ್ಣೆಯಲ್ಲಿ ನನ್ನ ಚಿಕ್ಕಮ್ಮನ ಮನೆ. ಆ ಮನೆಯ ಹಿಂದಿನ ಕೋಣೆಯೇ ಅವರ ಮಗಳ ಅಂಗಡಿ. ಬೀದಿಗೆ ಬಾಗಿಲಿಲ್ಲ, ಬೋರ್ಡಿಲ್ಲ, ಗಲ್ಲಾಪೆಟ್ಟಿಗೆಯೂ ಇಲ್ಲ. ಗಿರಾಕಿಗಳೆಲ್ಲ ಬರುವುದು ಮೊಬೈಲಿನ ಒಳಗಿಂದ. ಗಾಣದ ಕೊಬ್ಬರಿ ಎಣ್ಣೆ, ಬೀಜ ತೆಗೆದ ಹುಣಸೆಹಣ್ಣು, ಹಲಸಿನ ಹಪ್ಪಳ, ರಾಗಿ ಹುರಿಹಿಟ್ಟು ಅವಳ ಸರಕು. ಎಲ್ಲವೂ ಈ ಜಿಲ್ಲೆಯ ಮಣ್ಣಿನದೇ. ತಿಪಟೂರಿನ ಕೊಬ್ಬರಿ, ತುಮಕೂರು ಎಪಿಎಂಸಿಯ ಹುಣಸೆ, ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸು ಇವುಗಳಿಗೆ ಹೊಸದಾಗಿ ಪರಿಚಯ ಬೇಕಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನ ನಾನು ಅಲ್ಲಿಗೆ ಹೋದಾಗ ಅವಳು ರಟ್ಟಿನ ಪೆಟ್ಟಿಗೆಗೆ ಟೇಪು ಸುತ್ತುವುದನ್ನು ನಿಲ್ಲಿಸಿ ಮೊಬೈಲು ನನ್ನ ಕೈಗಿತ್ತಳು. "ಅಣ್ಣ, ಈ ಆರ್ಡರ್ ನೋಡು. ಏನೋ ಎಡವಟ್ಟಾಗೈತೆ."

ಎರಡು ಲೀಟರ್ ಎಣ್ಣೆ 1,200 ರೂಪಾಯಿ, ಒಂದು ಕಿಲೋ ಹುಣಸೆಹಣ್ಣು 220, ಹಪ್ಪಳದ ಕಟ್ಟು 180. ಒಟ್ಟು 1,600. ಗಿರಾಕಿ ಕಟ್ಟಿದ್ದು 1,020. ಕಳಿಸುವ ಖರ್ಚೂ ಅಂಗಡಿಯದೇ. ಅವಳ ನೋಟ್‌ಬುಕ್ಕಿನಲ್ಲಿ ಅಸಲು ಬರೆದಿತ್ತು: ಸರಕಿಗೆ 1,240, ಕೊರಿಯರ್‌ಗೆ 110. ಅಂದರೆ 1,350 ರೂಪಾಯಿ ಖರ್ಚು ಮಾಡಿ 1,020ಕ್ಕೆ ಮಾರಿದ್ದಾಳೆ. ಒಂದೇ ಪೆಟ್ಟಿಗೆಗೆ 330 ರೂಪಾಯಿ ಕೈಬಿಟ್ಟಿತ್ತು.

ಕಳ್ಳತನ ಆಗಿರಲಿಲ್ಲ, ತಂತ್ರಾಂಶವೂ ತಪ್ಪು ಲೆಕ್ಕ ಮಾಡಿರಲಿಲ್ಲ. ಅವಳೇ ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಉಮೇದಿನಲ್ಲಿ ಮೂರು ನಿಯಮ ಬರೆದಿಟ್ಟಿದ್ದಳು. ಹಬ್ಬಕ್ಕೆ ಶೇ 20 ಕಡಿತ. ಮೊದಲ ಸಲ ಕೊಳ್ಳುವವರಿಗೆ 100 ರೂಪಾಯಿ ಕಡಿತ. 1,500 ದಾಟಿದ ಆರ್ಡರ್‌ಗೆ ಶೇ 10 ಕಡಿತ. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ತಪ್ಪಿಲ್ಲ. ಈ ಗಿರಾಕಿಯ ಬುಟ್ಟಿಯಲ್ಲಿ ಮೂರೂ ಒಟ್ಟಿಗೆ ಬಂದು ಕೂತವು: 320, 100, 160. ಕೂಡಿದರೆ 580.

ಮಂಡಿಪೇಟೆಯ ವ್ಯಾಪಾರಿಯ ಎದುರು ಇದು ಎಂದೂ ನಡೆಯುವುದಿಲ್ಲ. ಹಬ್ಬ ಅಂತ ಒಂದಿಷ್ಟು ಬಿಡಿ, ಹೊಸಬರು ಅಂತ ಇನ್ನೊಂದಿಷ್ಟು ಬಿಡಿ, ಜಾಸ್ತಿ ತಗೊಂಡಿದ್ದೇವೆ ಅಂತ ಮತ್ತೊಂದಿಷ್ಟು ಬಿಡಿ ಎಂದು ಚೌಕಾಸಿ ಮಾಡುತ್ತಾ ಹೋದರೆ ಎರಡನೆಯದಕ್ಕೋ ಮೂರನೆಯದಕ್ಕೋ ಅವನ ಬಾಯಿಂದ ಒಂದು ಮಾತು ಬಂದೇ ಬರುತ್ತದೆ: "ಗಿಟ್ಟಲ್ಲ ಸ್ವಾಮಿ." ಈ ಒಂದು ಮಾತಿನ ಹಿಂದೆ ಅಸಲು, ಸಾಗಣೆ, ಬಾಡಿಗೆ, ನಾಳೆಯ ಧಾರಣೆ ಎಲ್ಲದರ ಲೆಕ್ಕ ಇದೆ. ಕಂಪ್ಯೂಟರಿಗೆ ಈ ಮಾತು ತಾನಾಗಿ ಬರುವುದಿಲ್ಲ. ಬರೆದುಕೊಟ್ಟರೆ ಮಾತ್ರ ಅದು ಹೇಳುತ್ತದೆ.

ಶೇಕಡಾವಾರು ಲೆಕ್ಕ ನಾವು ಮಾಧ್ಯಮಿಕ ಶಾಲೆಯಲ್ಲೇ ಕಲಿತು ಮುಗಿಸಿದ್ದು. ರಿಯಾಯಿತಿಯ ಕಷ್ಟ ಅಲ್ಲಿಲ್ಲ, ಎರಡು ರಿಯಾಯಿತಿಗಳು ಸಂಧಿಸುವ ಜಾಗದಲ್ಲಿದೆ. ಸಂಧಿ ಎಂಬ ಪದವನ್ನು ನಾನು ಬೇಕೆಂದೇ ಬಳಸುತ್ತಿದ್ದೇನೆ. ಎರಡು ಅಕ್ಷರಗಳು ಎದುರುಬದುರಾದಾಗ ಏನಾಗಬೇಕು ಎಂಬ ಪ್ರಶ್ನೆಯನ್ನು ನಮ್ಮ ವ್ಯಾಕರಣಕಾರರು ಎಷ್ಟು ಚೆನ್ನಾಗಿ ಬಿಡಿಸಿಟ್ಟಿದ್ದಾರೆಂದರೆ, ಅಂಗಡಿಯ ಈ ತೊಡಕಿಗೂ ಅದೇ ವಿಂಗಡಣೆ ಒಪ್ಪುತ್ತದೆ.

'ಊರು' ಮತ್ತು 'ಅಲ್ಲಿ' ಸೇರಿದರೆ 'ಊರಲ್ಲಿ'. ಒಂದು ಸ್ವರ ಬಿದ್ದುಹೋಗುತ್ತದೆ, ಇದು ಲೋಪ. ರಿಯಾಯಿತಿಗಳಲ್ಲೂ ಲೋಪ ಸಾಧ್ಯ. ಮೂರು ನಿಯಮ ಅನ್ವಯವಾಗುವಂತಿದ್ದರೂ ದೊಡ್ಡದೊಂದನ್ನೇ ಉಳಿಸಿಕೊಂಡು ಮಿಕ್ಕವನ್ನು ಬಿಟ್ಟುಬಿಡುವುದು. ಆಗ ನಮ್ಮ ಗಿರಾಕಿ ಕಟ್ಟಬೇಕಾದದ್ದು 1,280.

'ಅಣ್ಣಾ ಇತ್ತ ಬಾ' ಎಂದು ಕೂಗುವಾಗ ಸ್ವರಗಳು ಎದುರಾದರೂ ಯಾವುದೂ ಬದಲಾಗುವುದಿಲ್ಲ, ಇದು ಪ್ರಕೃತಿಭಾವ. ಮೂರು ರಿಯಾಯಿತಿಗಳೂ ಮೂಲ ಬೆಲೆಯ ಮೇಲೆಯೇ, ಒಂದರ ಇರವು ಇನ್ನೊಂದಕ್ಕೆ ಗೊತ್ತೇ ಇಲ್ಲದಂತೆ ಕೂತರೆ ಅದೇ ಸ್ಥಿತಿ. 1,020 ಬಂದದ್ದು ಹೀಗೆ.

ಮೂರನೆಯದು ಆದೇಶ. 'ಮಳೆ'ಯ ಪಕ್ಕ ಬಂದ 'ಕಾಲ' ತನ್ನ ಮೊದಲ ಅಕ್ಷರ ಬದಲಿಸಿಕೊಂಡು 'ಮಳೆಗಾಲ' ಆಗುತ್ತದೆ. ಶೇ 20 ಕಳೆದ ಮೇಲೆ ಬರುವ ಶೇ 10ರ ಪಾಡೂ ಇದೇ. ಅದು ಕೂರುವುದು 1,600ರ ಮೇಲಲ್ಲ, ಉಳಿದ 1,280ರ ಮೇಲೆ. ಹಾಗಾಗಿ 160ರ ಬದಲು 128 ಮಾತ್ರ ಕಳೆಯುತ್ತದೆ. ಹೆಸರು ಶೇ 10, ಮೂಲ ಬೆಲೆಯ ಲೆಕ್ಕದಲ್ಲಿ ಶೇ 8. ಎರಡೂ ಸೇರಿ ಶೇ 28 ಆಗುತ್ತದೆ, ಶೇ 30 ಆಗುವುದಿಲ್ಲ.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ಯಾವುದು ಮೊದಲು? ಶೇ 20, ಶೇ 10 ಎರಡೇ ಇದ್ದರೆ ಯಾವುದು ಮೊದಲಾದರೂ ಒಂದೇ, ಏಕೆಂದರೆ 0.8ನ್ನು 0.9ರಿಂದ ಗುಣಿಸಿದರೂ 0.9ನ್ನು 0.8ರಿಂದ ಗುಣಿಸಿದರೂ 0.72. ನೂರು ರೂಪಾಯಿಯ ಇಡಿ ಕಡಿತ ನಡುವೆ ಬಂದ ಕೂಡಲೇ ಈ ಸಲೀಸು ಹೋಗುತ್ತದೆ. ಗುಣಾಕಾರ, ಕಳೆಯುವಿಕೆ ಎರಡೂ ಬೆರೆತಲ್ಲಿ ಸರದಿ ಮುಖ್ಯ. ನೂರನ್ನು ಕೊನೆಯಲ್ಲಿ ಕಳೆದರೆ 1,052. ಶೇ 20ರ ನಂತರ, ಶೇ 10ರ ಮೊದಲು ಕಳೆದರೆ 1,062. ಶೇ 10ರ ನಂತರ, ಶೇ 20ರ ಮೊದಲು ಕಳೆದರೆ 1,072. ಎಲ್ಲಕ್ಕಿಂತ ಮೊದಲೇ ಕಳೆದರೆ 1,080. ಮೊದಲೇ ಕೊಟ್ಟ ನೂರರ ಮೇಲೂ ಮುಂದಿನ ಶೇಕಡಾ ಕಡಿತಗಳು ಬೀಳುವುದರಿಂದ ಆ ನೂರು ಗಿರಾಕಿಯ ಪಾಲಿಗೆ 72 ರೂಪಾಯಿಯಾಗಿ ಸವೆದಿರುತ್ತದೆ.

ಒಂದೇ ಬುಟ್ಟಿ, ಅವೇ ಮೂರು ನಿಯಮಗಳು, ಆರು ಬೇರೆ ಬೇರೆ ಬೆಲೆ: 1,020, 1,052, 1,062, 1,072, 1,080, 1,280. ಇವುಗಳಲ್ಲಿ ಗಣಿತದ ಪ್ರಕಾರ ತಪ್ಪಾದದ್ದು ಒಂದೂ ಇಲ್ಲ. ಸರಿ ಯಾವುದು ಎಂದು ಅಂಗಡಿಯವರೇ ತೀರ್ಮಾನಿಸಿ, ಯಂತ್ರಕ್ಕೂ ಗಿರಾಕಿಗೂ ಮೊದಲೇ ತಿಳಿಸಬೇಕು.

ಆನ್‌ಲೈನ್ ಅಂಗಡಿ ಕಟ್ಟಲು ಜಗತ್ತಿನಾದ್ಯಂತ ಬಳಸುವ ವೂಕಾಮರ್ಸ್‌ನಲ್ಲಿ ಈ ತೀರ್ಮಾನಗಳು ಪುಟ್ಟ ಚೌಕಗಳಾಗಿ ಕೂತಿವೆ. ಕೂಪನ್ನಿನ ಪುಟದಲ್ಲಿ 'ಇದೊಂದನ್ನೇ ಬಳಸಬೇಕು' ಎಂಬರ್ಥದ ಚೌಕ ಇದೆ, ಅದು ನಮ್ಮ ಲೋಪ. ಒಟ್ಟಾರೆ ಸೆಟ್ಟಿಂಗ್ ಪುಟದಲ್ಲಿ 'ಕೂಪನ್ನುಗಳನ್ನು ಒಂದಾದ ಮೇಲೊಂದರಂತೆ ಲೆಕ್ಕ ಹಾಕು' ಎಂಬ ಇನ್ನೊಂದು ಚೌಕ ಇದೆ, ಅದಕ್ಕೆ ಗುರುತು ಹಾಕಿದರೆ ಆದೇಶ. ಎರಡನ್ನೂ ಮುಟ್ಟದೆ ಬಿಟ್ಟರೆ ಪ್ರಕೃತಿಭಾವ. ಗುರುತು ಹಾಕದೆ ಬಿಡುವುದೂ ಒಂದು ತೀರ್ಮಾನವೇ. ಹೊಸದಾಗಿ ಅಂಗಡಿ ತೆರೆಯುವವರ ಗಮನಕ್ಕೆ ಬರದೆ ಹೋಗುವುದು ಇದೇ.

ನಾವು ದಿನಾ ಬಳಸುವ ಕಡೆಯೂ ಈ ಸಂಧಿ ಇದೆ. ಕೆಎಸ್‌ಆರ್‌ಟಿಸಿಯಲ್ಲಿ ನಾಲ್ಕು ಅಥವಾ ಹೆಚ್ಚು ಜನ ಒಂದೇ ಟಿಕೆಟಿನಲ್ಲಿ ಮುಂಗಡ ಸೀಟು ಕಾಯ್ದಿರಿಸಿದರೆ ಶೇ 5 ರಿಯಾಯಿತಿ. ಹೋಗುವ, ಬರುವ ಟಿಕೆಟುಗಳನ್ನು ಒಟ್ಟಿಗೇ ತೆಗೆದರೆ ಬರುವ ಪ್ರಯಾಣಕ್ಕೆ ಶೇ 10. ಹಬ್ಬ ಬಂದಾಗಲೆಲ್ಲ ಪತ್ರಿಕೆಯಲ್ಲಿ ಈ ಎರಡು ಸಾಲು ಅಕ್ಕಪಕ್ಕ ಇರುತ್ತವೆ. ನಾಲ್ಕು ಜನ ಹೋಗಿಬರುವ ಟಿಕೆಟು ತೆಗೆದಾಗ, ಬರುವ ದಾರಿಯ ದರ 2,000 ಇದ್ದರೆ, ಅದು 1,800 ಆಗಬಹುದು, 1,710 ಆಗಬಹುದು, 1,700 ಆಗಬಹುದು. ಪತ್ರಿಕೆಯ ಎರಡು ಸಾಲಿಗೆ ಮೂರು ಅರ್ಥ. ಟಿಕೆಟ್ ಕೊಡುವ ಯಂತ್ರದೊಳಗೆ ಅವುಗಳಲ್ಲಿ ಒಂದನ್ನು ಯಾರೋ ಆರಿಸಿಟ್ಟಿರಲೇಬೇಕು.

ನಿಯಮಗಳು ಹೀಗೆ ಎದುರುಬದುರಾದಾಗ ಗೆಲುವು ಯಾರದು ಎಂಬ ಪ್ರಶ್ನೆಯನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಪಾಣಿನಿ ಎತ್ತಿಕೊಂಡಿದ್ದ. ಅವನ ಅಷ್ಟಾಧ್ಯಾಯಿಯಲ್ಲಿ ಸುಮಾರು 4,000 ಸೂತ್ರಗಳಿವೆ. ಅಷ್ಟು ನಿಯಮಗಳಿದ್ದ ಮೇಲೆ ಒಂದೇ ಪದದ ಮೇಲೆ ಎರಡು ಬಂದು ಬೀಳುವುದು ಸಹಜ. ಅದಕ್ಕೆ ಆ ಪರಂಪರೆ ಕಂಡುಕೊಂಡ ಮೊದಲ ಪರಿಹಾರ ಉತ್ಸರ್ಗ ಮತ್ತು ಅಪವಾದ. ಎಲ್ಲಕ್ಕೂ ಅನ್ವಯಿಸುವ ನಿಯಮ ಉತ್ಸರ್ಗ, ಕೆಲವಕ್ಕೆ ಮಾತ್ರ ಹೇಳಿದ್ದು ಅಪವಾದ. ಎರಡೂ ಎದುರಾದರೆ ಅಪವಾದವೇ ಮೇಲು. 'ಎಲ್ಲ ಸರಕಿಗೂ ಶೇ 10, ಆದರೆ ಎಣ್ಣೆಗೆ ಇಲ್ಲ' ಎಂದು ಅಂಗಡಿಯವಳು ಬರೆದಾಗ ನಾವೆಲ್ಲ ಸಹಜವಾಗಿ ಹೀಗೇ ಅರ್ಥ ಮಾಡಿಕೊಳ್ಳುತ್ತೇವೆ. ಯಂತ್ರ ಮಾಡಿಕೊಳ್ಳುವುದಿಲ್ಲ. ಎರಡರಲ್ಲಿ ಕಿರಿದಾದದ್ದು ಯಾವುದು ಎಂದು ಗುರುತಿಸುವ ಜವಾಬ್ದಾರಿಯನ್ನು ಅದಕ್ಕೆ ಬಿಡದೆ ಪ್ರತಿ ನಿಯಮಕ್ಕೂ ಒಂದು ಆದ್ಯತೆಯ ಸಂಖ್ಯೆ ಕೊಡುವ ಪದ್ಧತಿ ಅನೇಕ ತಂತ್ರಾಂಶಗಳಲ್ಲಿದೆ. ಜೊತೆಗೆ, 'ಇದಾದ ಮೇಲೆ ಬೇರೆ ನಿಯಮ ನೋಡಬೇಡ' ಎನ್ನುವ ಸೌಲಭ್ಯವೂ ಇರುತ್ತದೆ.

ಎರಡೂ ಸಮಾನ ಬಲದವಾದರೆ? ಅದಕ್ಕೂ ಪಾಣಿನಿಯಲ್ಲಿ ಸೂತ್ರ ಇದೆ, ಮೊದಲ ಅಧ್ಯಾಯದ ನಾಲ್ಕನೆಯ ಪಾದದ ಎರಡನೆಯದು. ಗ್ರಂಥದಲ್ಲಿ ಆಮೇಲೆ ಬಂದ ಸೂತ್ರ ಗೆಲ್ಲುತ್ತದೆ ಎಂದು ಅದನ್ನು ಶತಮಾನಗಳಿಂದ ಅರ್ಥೈಸಿಕೊಂಡು ಬಂದರು. ಹಾಗೆ ಅರ್ಥ ಮಾಡಿದರೆ ಎಷ್ಟೋ ಕಡೆ ತಪ್ಪು ರೂಪ ಬರುತ್ತಿತ್ತು, ಅದನ್ನು ಸರಿದೂಗಿಸಲು ವ್ಯಾಖ್ಯಾನಕಾರರು ಇನ್ನಷ್ಟು ಉಪನಿಯಮಗಳನ್ನು ಪೋಣಿಸಿದರು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದ ಋಷಿ ರಾಜಪೋಪಟ್ 2022ರಲ್ಲಿ ಬೇರೆ ಅರ್ಥ ಮುಂದಿಟ್ಟರು. 'ಆಮೇಲಿನದು' ಎಂದರೆ ಗ್ರಂಥದಲ್ಲಿ ಆಮೇಲಿನ ಸೂತ್ರವಲ್ಲ, ಪದದಲ್ಲಿ ಬಲಗಡೆ ಇರುವ ಭಾಗಕ್ಕೆ ಅನ್ವಯಿಸುವ ಸೂತ್ರ ಎಂಬುದು ಅವರ ವಾದ. ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ಚರ್ಚೆ ನಡೆದೇ ಇದೆ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಚರ್ಚೆಯ ಕಾಲಾವಧಿ. ಸರದಿ ಹೇಳುವ ಒಂದೇ ಒಂದು ಪದ ಎರಡು ಅರ್ಥಕ್ಕೆ ಎಡೆಗೊಟ್ಟದ್ದರಿಂದ ಇಷ್ಟು ದೀರ್ಘ ಕಾಲದ ವಾದ ಬೆಳೆಯಿತು.

ಕಂಪ್ಯೂಟರ್ ವಿಜ್ಞಾನದಲ್ಲಿ ಇದೇ ಜಿಜ್ಞಾಸೆ ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಮತ್ತೆ ಎದ್ದಿತು. 'ಹೀಗಿದ್ದರೆ ಹೀಗೆ ಮಾಡು' ಎಂಬ ನೂರಾರು ನಿಯಮಗಳನ್ನು ಯಂತ್ರಕ್ಕೆ ಕೊಟ್ಟು, ಅದು ತಜ್ಞನಂತೆ ಸಲಹೆ ಕೊಡುವಂತೆ ಮಾಡಲು ಹೊರಟ ಕಾಲ ಅದು. ಪ್ರತಿ ಸಲವೂ ಎಲ್ಲ ನಿಯಮಗಳನ್ನೂ ಮೊದಲಿಂದ ಪರೀಕ್ಷಿಸುತ್ತಾ ಕೂತರೆ ಯಂತ್ರ ಏದುಸಿರು ಬಿಡುತ್ತದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಫೋರ್ಗಿ ಇದಕ್ಕೆ ರೀಟೆ ಎಂಬ ವಿಧಾನ ರೂಪಿಸಿದರು. ಲ್ಯಾಟಿನ್‌ನಲ್ಲಿ ರೀಟೆ ಎಂದರೆ ಬಲೆ. ಹಲವು ನಿಯಮಗಳಲ್ಲಿ ಸಮಾನವಾಗಿರುವ ಷರತ್ತುಗಳನ್ನು ಬಲೆಯ ಗಂಟುಗಳಂತೆ ಒಮ್ಮೆ ಮಾತ್ರ ಕಟ್ಟಿಟ್ಟು, ಬದಲಾದ ಕಡೆಯಷ್ಟೇ ಮತ್ತೆ ನೋಡುವ ಉಪಾಯ ಅದು. ವೇಗದ ಸಮಸ್ಯೆ ಹೀಗೆ ನೀಗಿತು. ಏಕಕಾಲಕ್ಕೆ ಹಲವು ನಿಯಮ ಅರ್ಹವಾದಾಗ ಯಾವುದನ್ನು ಮೊದಲು ನಡೆಸಬೇಕು ಎಂಬುದನ್ನು ಮಾತ್ರ ಇಂದಿಗೂ ಮನುಷ್ಯರೇ ಹೇಳಿಕೊಡಬೇಕು. ನಿಯಮಗಳ ಸಂಖ್ಯೆ ಬೆಳೆದಂತೆ ಆ ಕೆಲಸ ಬೆಟ್ಟದಂತೆ ಬೆಳೆಯುತ್ತದೆ. ಹತ್ತು ನಿಯಮಗಳಿದ್ದರೆ ಯಾವುವು ಅನ್ವಯ, ಯಾವುವು ಅಲ್ಲ ಎಂಬುದರಲ್ಲೇ 1,024 ಸಾಧ್ಯತೆ. ಹತ್ತೂ ಅನ್ವಯವಾದರೆ ಅವುಗಳನ್ನು ಸಾಲಾಗಿ ನಿಲ್ಲಿಸುವ ಬಗೆಗಳು 36,28,800.

ಸಂಧಿಯಷ್ಟೇ ಜೋಪಾನ ಬೇಕಾದ ಇನ್ನೊಂದು ಜಾಗ ಅಂಚು. 1,500 ದಾಟಿದರೆ ಶೇ 10 ಎಂಬ ನಿಯಮದಲ್ಲಿ 1,480ಕ್ಕೆ ಕೊಂಡವರು 1,480 ಕಟ್ಟುತ್ತಾರೆ. 1,510ಕ್ಕೆ ಕೊಂಡವರು 1,359 ಕಟ್ಟುತ್ತಾರೆ. ಹೆಚ್ಚು ಕೊಂಡವರಿಗೆ ಕಡಿಮೆ ಬಿಲ್ಲು. ಬೆಲೆಯ ದಾರಿಯಲ್ಲಿ ಇಲ್ಲೊಂದು ಕಡಿದಾದ ಕುಸಿತ ಇದೆ. ಜನ ಇದನ್ನು ಬೇಗ ಪತ್ತೆ ಹಚ್ಚುತ್ತಾರೆ, ಬೇಡದ ಸಾಮಾನೊಂದನ್ನು ಸೇರಿಸಿ ಗೆರೆ ದಾಟುತ್ತಾರೆ.

ಇಂಥ ಗೆರೆ ಕರ್ನಾಟಕದ ಮನೆಮನೆಯ ವಿದ್ಯುತ್ ಬಿಲ್ಲಿನಲ್ಲೂ ಇದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ನಿಯಮ ನೆನಪಿಸಿಕೊಳ್ಳಿ. ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ 10 ಸೇರಿಸಿದರೆ ಬರುವುದು ನಿಮ್ಮ ಉಚಿತ ಪಾಲು. ಸರಾಸರಿ 100 ಯೂನಿಟ್ ಇದ್ದ ಮನೆಗೆ 110 ಉಚಿತ. 130 ಸುಟ್ಟರೆ ಹೆಚ್ಚಿನ 20ಕ್ಕಷ್ಟೇ ಹಣ. ಇಲ್ಲಿಯವರೆಗೆ ದಾರಿ ಇಳಿಜಾರಿನದು, ಏರುಪೇರಿಲ್ಲ. ಬಳಕೆ 200 ದಾಟಿದರೆ ಮಾತ್ರ ಪೂರಾ ಬಿಲ್ಲು ಕಟ್ಟಬೇಕು. 200 ಸುಟ್ಟವರು 90 ಯೂನಿಟ್ಟಿಗೆ ಹಣ ಕೊಟ್ಟರೆ, 201 ಸುಟ್ಟವರು 201ಕ್ಕೂ ಕೊಡುತ್ತಾರೆ. ಆ ಕೊನೆಯ ಒಂದು ಯೂನಿಟ್ಟಿನ ಬೆಲೆ 111 ಯೂನಿಟ್. ಒಂದೇ ಯೋಜನೆಯಲ್ಲಿ ಇಳಿಜಾರು, ಕುಸಿತ ಎರಡೂ ಇರುವುದರಿಂದ ಎರಡರ ವ್ಯತ್ಯಾಸ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಇನ್ನೂ ಒಂದು ಪಾಠ ಅದರಲ್ಲಿದೆ. ತಿಂಗಳಿಗೆ 30 ಯೂನಿಟ್ ಬಳಸುವ ಬಡ ಮನೆಗೆ ಶೇ 10 ಎಂದರೆ ಬರೀ ಮೂರು ಯೂನಿಟ್. ಹಾಗಾಗಿ 2024ರ ಆರಂಭದಲ್ಲಿ, ಕಡಿಮೆ ಬಳಸುವ ಮನೆಗಳಿಗೆ ಶೇ 10ರ ಬದಲು ಇಡಿಯಾಗಿ 10 ಯೂನಿಟ್ ಕೊಡಲು ಸರ್ಕಾರ ತೀರ್ಮಾನಿಸಿತು. ಶೇಕಡಾ ಲೆಕ್ಕ ದೊಡ್ಡ ಬುಟ್ಟಿಯವರ ಕಡೆ ವಾಲುತ್ತದೆ, ಇಡಿ ಲೆಕ್ಕ ಸಣ್ಣ ಬುಟ್ಟಿಯವರ ಕಡೆ. ಅಂಗಡಿಯವರು ತಮಗೆ ಯಾವ ಗಿರಾಕಿ ಬೇಕು ಎಂದು ನೋಡಿ ಇವುಗಳಲ್ಲಿ ಆರಿಸಿಕೊಳ್ಳಬೇಕು.

ಕುಸಿತ ಬೇಡವೆಂದರೆ ಆದಾಯ ತೆರಿಗೆಯ ಹಂತಗಳಂತೆ ಬರೆಯಬಹುದು: 1,500ರವರೆಗಿನ ಹಣಕ್ಕೆ ಕಡಿತವಿಲ್ಲ, ಅದರ ಮೇಲಿನ ಪಾಲಿಗೆ ಮಾತ್ರ ಕಡಿತ. ಆಗ ಯಾರೂ ಗೆರೆ ದಾಟಿ ಲಾಭ ಹೊಡೆಯುವಂತಿಲ್ಲ. ಆದರೆ ಗಿರಾಕಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ.

'ಎರಡು ಕೊಂಡರೆ ಒಂದು ಉಚಿತ, ಕಡಿಮೆ ಬೆಲೆಯದು' ಎಂಬ ಸಾಲು ಎಷ್ಟು ನೇರ ಅನ್ನಿಸುತ್ತದೆ! ಬುಟ್ಟಿಯಲ್ಲಿ 600, 450, 300, 200, 150, 100 ರೂಪಾಯಿಯ ಆರು ಸಾಮಾನು ಇವೆ ಅಂದುಕೊಳ್ಳಿ. ದೊಡ್ಡದರಿಂದ ಮೂರು ಮೂರರ ಗುಂಪು ಮಾಡಿದರೆ ಮೊದಲ ಗುಂಪಿನಲ್ಲಿ 300ರದ್ದು, ಎರಡನೆಯದರಲ್ಲಿ 100ರದ್ದು ಉಚಿತ. ಒಟ್ಟು 400 ಉಳಿತಾಯ. ಇಡೀ ಬುಟ್ಟಿಯಲ್ಲೇ ಕಡಿಮೆ ಬೆಲೆಯ ಎರಡನ್ನು ತೆಗೆದರೆ 150 ಮತ್ತು 100, ಅಂದರೆ 250. ಅಂಗಡಿ ಎರಡನೆಯ ಅರ್ಥ ಹಿಡಿದರೂ ಜಾಣ ಗಿರಾಕಿ ಒಂದೇ ಆರ್ಡರನ್ನು ಎರಡು ಮಾಡಿ 400ನ್ನೇ ಪಡೆಯುತ್ತಾನೆ. ಆಮೇಲೆ ಅದರಲ್ಲೊಂದನ್ನು ವಾಪಸು ಕಳಿಸಿದರೆ ಎಷ್ಟು ಹಣ ಹಿಂದಿರುಗಿಸಬೇಕು? ಉಚಿತವಾಗಿ ಬಂದದ್ದನ್ನೇ ಕಳಿಸಿದರೆ ಸೊನ್ನೆಯೇ? ಇಂಥ ಜಗಳ ತಪ್ಪಿಸಲು ಒಟ್ಟು ಕಡಿತವನ್ನು ಎಲ್ಲ ಸಾಮಾನುಗಳಿಗೂ ಬೆಲೆಗೆ ತಕ್ಕಂತೆ ಹಂಚಿ, ಬಿಲ್ಲಿನಲ್ಲಿ ಪ್ರತಿಯೊಂದರ ಎದುರೂ ನಮೂದಿಸುವುದು ಒಳ್ಳೆಯದು. ಜಿಎಸ್‌ಟಿಗೂ ಅದು ಅನುಕೂಲ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 15ನೆಯ ಸೆಕ್ಷನ್ ಪ್ರಕಾರ, ಮಾರುವ ಮುಂಚೆ ಅಥವಾ ಮಾರುವಾಗಲೇ ಕೊಟ್ಟು ಬಿಲ್ಲಿನಲ್ಲಿ ಕಾಣಿಸಿದ ರಿಯಾಯಿತಿಯನ್ನು ತೆರಿಗೆಯ ಮೊತ್ತಕ್ಕೆ ಸೇರಿಸುವುದಿಲ್ಲ.

ಹಂಚುವಾಗ ಪೈಸೆಯ ಕಾಟ ಇದ್ದದ್ದೇ. ನೂರು ರೂಪಾಯಿಯನ್ನು ಮೂರು ಸಾಮಾನಿಗೆ ಸಮನಾಗಿ ಹಂಚಿದರೆ ತಲಾ 33.33, ಕೂಡಿದರೆ 99.99. ತಪ್ಪಿಸಿಕೊಂಡ ಆ ಒಂದು ಪೈಸೆಯನ್ನು ಯಾವುದೋ ಒಂದು ಸಾಮಾನಿನ ತಲೆಗೆ ಕಟ್ಟಬೇಕು. ಕಂಪ್ಯೂಟರು ದಶಮಾಂಶಗಳನ್ನು ಎರಡರ ಘಾತಗಳಲ್ಲಿ ಬರೆದುಕೊಳ್ಳುವುದರಿಂದ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರದೆ ಹದಿನೇಳನೆಯ ಸ್ಥಾನದಲ್ಲೊಂದು 4 ಉಳಿದುಬಿಡುತ್ತದೆ. ಅನುಭವಿಗಳು ಹಣವನ್ನು ರೂಪಾಯಿಯ ದಶಮಾಂಶವಾಗಿ ಇಡದೆ ಪೈಸೆಯ ಪೂರ್ಣಾಂಕವಾಗಿ ಇಡುವುದು ಇದಕ್ಕೇ.

ಅಂದು ನಾವಿಬ್ಬರೂ ಜಗುಲಿಯಲ್ಲಿ ಕೂತು ಹಬ್ಬದ ಆರ್ಡರುಗಳನ್ನೆಲ್ಲ ಒಂದೊಂದಾಗಿ ತೆರೆದೆವು. ಇನ್ನೊಂದು ವಿಚಿತ್ರ ಕಂಡಿತು. ಶುಕ್ರವಾರ ಶುರುವಾಗುವ ಹೊತ್ತಿಗೇ, ನಡುರಾತ್ರಿ ದಾಟಿದ ಕೂಡಲೇ ಕೊಂಡ ನಾಲ್ವರಿಗೆ ಹಬ್ಬದ ಕಡಿತ ಸಿಕ್ಕಿರಲಿಲ್ಲ. ಶನಿವಾರ ನಸುಕಿನಲ್ಲಿ ಎದ್ದು ಕೊಂಡ ಒಬ್ಬರಿಗೆ ಸಿಕ್ಕಿತ್ತು. ಅಂಗಡಿಯ ಗಡಿಯಾರಕ್ಕೆ ಊರು ಯಾವುದೆಂದು ನಾವು ಹೇಳಿಯೇ ಇರಲಿಲ್ಲ, ಅದು ಜಾಗತಿಕ ಪ್ರಮಾಣ ಕಾಲದಲ್ಲೇ ಓಡುತ್ತಿತ್ತು. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ನಮ್ಮ ಹಬ್ಬ ಶುಕ್ರವಾರ ಬೆಳಿಗ್ಗೆ 5.30ಕ್ಕೆ ಶುರುವಾಗಿ ಶನಿವಾರ ಬೆಳಿಗ್ಗೆ 5.30ಕ್ಕೆ ಮುಗಿದಿತ್ತು.

ಒಳಗೆ ಕಾಯಿ ತುರಿಯುತ್ತಿದ್ದ ಚಿಕ್ಕಮ್ಮನಿಗೆ ಇದು ಕೇಳಿಸಿತು. "ಅದ್ರಲ್ಲೇನು ತಪ್ಪು? ಹಬ್ಬದ ದಿನ ಅಂದ್ರೆ ಸೂರ್ಯ ಹುಟ್ಟಿದ ಮೇಲೇ ಅಲ್ವೇನಪ್ಪ? ರಾತ್ರಿ ಹನ್ನೆರಡಕ್ಕೆ ಯಾರಾದ್ರೂ ಕಳಶ ಇಡ್ತಾರಾ?"

ಅವರ ಮಾತಿನಲ್ಲಿ ಪೂರ್ಣ ನ್ಯಾಯ ಇತ್ತು. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಕ್ಯಾಲೆಂಡರಿನ ದಿನ ನಡುರಾತ್ರಿಯಿಂದ ನಡುರಾತ್ರಿಗೆ. ಯಂತ್ರದ ದಿನ ಗ್ರೀನಿಚ್‌ನ ನಡುರಾತ್ರಿಯಿಂದ. ಆಗಸ್ಟಿನಲ್ಲಿ ತುಮಕೂರಿನ ಸೂರ್ಯ ಹುಟ್ಟುವುದು ಆರರ ಆಸುಪಾಸಿಗೆ, ಅಂದರೆ ಯಂತ್ರದ ತಪ್ಪು ದಿನ ಚಿಕ್ಕಮ್ಮನ ಸರಿಯಾದ ದಿನಕ್ಕೆ ಅರ್ಧ ಗಂಟೆಯಷ್ಟು ಹತ್ತಿರ ಬಂದಿತ್ತು. 'ಹಬ್ಬದ ದಿನ' ಎಂಬ ಎರಡು ಪದಗಳಿಗೆ ಒಂದೇ ಮನೆಯೊಳಗೆ ಮೂರು ಅರ್ಥ. ನಗರಪಾಲಿಕೆಗಳು ಆಸ್ತಿ ತೆರಿಗೆಗೆ ಏಪ್ರಿಲ್ ತಿಂಗಳಲ್ಲಿ ಶೇ 5 ಬಿಡುತ್ತವಲ್ಲ, ಅಲ್ಲೂ ಏಪ್ರಿಲ್ 30ರ ರಾತ್ರಿ 11.59ಕ್ಕೆ ಆನ್‌ಲೈನಿನಲ್ಲಿ ಕಟ್ಟುವವರಿಗೆ ಈ ಗೆರೆ ಎಲ್ಲಿದೆ ಎಂಬುದು ನಿಜವಾದ ಪ್ರಶ್ನೆ.

ಸಮಯದ ಇನ್ನೊಂದು ತೊಡಕು 'ಮೊದಲ 50 ಜನರಿಗೆ ಮಾತ್ರ' ಎಂಬ ಬಗೆಯದು. 49 ಆಗಿದೆ ಎಂದು ಇಬ್ಬರ ಮೊಬೈಲೂ ಒಂದೇ ಕ್ಷಣದಲ್ಲಿ ಓದಿದರೆ ಇಬ್ಬರೂ ಐವತ್ತನೆಯವರೇ. ಎಣಿಸುವುದು, ಹೆಚ್ಚಿಸುವುದು ಎರಡನ್ನೂ ನಡುವೆ ಬೇರೆ ಯಾರೂ ತೂರದಂತೆ ಒಂದೇ ಉಸಿರಿನಲ್ಲಿ ಮುಗಿಸಬೇಕು. ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರುತ್ತಾ ಶುರುವಾದ ಫ್ಲಿಪ್‌ಕಾರ್ಟ್ 2014ರ ಅಕ್ಟೋಬರ್ 6ರಂದು ತನ್ನ ಮೊದಲ ಭಾರಿ ರಿಯಾಯಿತಿ ದಿನ ನಡೆಸಿದಾಗ ತಾಣ ಜನದಟ್ಟಣೆ ತಾಳದೆ ತಡವರಿಸಿತು. ಮಾರನೆಯ ದಿನ ಸ್ಥಾಪಕರಿಬ್ಬರೂ ಗಿರಾಕಿಗಳ ಕ್ಷಮೆ ಕೇಳಿದರು. ಮರಳೂರಿನ ಅಂಗಡಿಗೆ ಅಂಥ ಜಾತ್ರೆ ಸೇರುವುದಿಲ್ಲವಾದರೂ ಒಂದೇ ಕ್ಷಣಕ್ಕೆ ಇಬ್ಬರು ಬರಬಹುದು, ತೊಡಕಿಗೆ ಇಬ್ಬರೇ ಸಾಕು.

ಇನ್ನು ಶೇ 20. ಅದನ್ನು ಅವಳು ಬರೆದಿಟ್ಟ ಕಾಲಕ್ಕೆ ಅದು ಗಿಟ್ಟುತ್ತಿತ್ತು. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಆ ವರ್ಷ ತಿಪಟೂರಿನ ಧಾರಣೆ 20 ಸಾವಿರವನ್ನೂ ದಾಟಿತು. ಬೆಳೆಗಾರರಿಗೆ ಬಹಳ ಕಾಲದ ಮೇಲೆ ನಾಲ್ಕು ಕಾಸು ಕಂಡ ವರ್ಷ ಅದು, ಅದಕ್ಕೆ ಸಂತೋಷಪಡಲೇಬೇಕು. ಗಾಣದವರಿಗೆ, ಎಣ್ಣೆ ಮಾರುವವರಿಗೆ ಮಾತ್ರ ಅಸಲು ಜಿಗಿಯಿತು. ಅವಳು ಎಣ್ಣೆಯ ಬೆಲೆ ಏರಿಸಿದ್ದಳು, ಕೊಬ್ಬರಿ ಏರಿದಷ್ಟಲ್ಲ. ರಿಯಾಯಿತಿಯ ನಿಯಮ ಹಳೆಯದೇ ಉಳಿದಿತ್ತು. 1,600ರ ಮಾರಾಟದಲ್ಲಿ ಖರ್ಚು ಕಳೆದು ಉಳಿಯುತ್ತಿದ್ದುದು 250. ಶೇ 20 ಎಂದರೆ 320. ಲೋಪಸಂಧಿ ಮಾಡಿ ಒಂದೇ ನಿಯಮ ಉಳಿಸಿಕೊಂಡರೂ ಅವಳಿಗೆ 70 ರೂಪಾಯಿ ನಷ್ಟ.

ಶೇ 10ಕ್ಕೆ ಇಳಿಸಿದರೆ? ಉಳಿಯುವುದು 90. ಮೊದಲಿನ 250ನ್ನೇ ಸಂಪಾದಿಸಲು ವ್ಯಾಪಾರ ಹೆಚ್ಚುಕಡಿಮೆ ಮೂರು ಪಟ್ಟು ಆಗಬೇಕು. ಶೇ 15 ಕೊಟ್ಟರೆ ಉಳಿಯುವುದು ಹತ್ತೇ ರೂಪಾಯಿ, ಆಗ 25 ಪಟ್ಟು. ರಿಯಾಯಿತಿ ಐದೇ ಶೇಕಡಾ ಹೆಚ್ಚಿತು, ಮಾರಬೇಕಾದ ಸರಕು ಒಂಬತ್ತು ಪಟ್ಟು ಹೆಚ್ಚಿತು. ರಿಯಾಯಿತಿಯನ್ನು ಬೆಲೆಯ ಎದುರು ಅಳೆದಾಗ ಸಣ್ಣದಾಗಿ ಕಾಣುತ್ತದೆ, ಲಾಭದ ಎದುರು ಅಳೆದಾಗ ನಿಜವಾದ ಗಾತ್ರ ತಿಳಿಯುತ್ತದೆ. ಎಷ್ಟೋ ಸಣ್ಣ ಅಂಗಡಿಗಳು ಗಿರಾಕಿಗಳು ತುಂಬಿ ತುಳುಕುತ್ತಿರುವಾಗಲೇ ಮುಚ್ಚಿಹೋಗುವುದಕ್ಕೆ ಈ ಭಾಗಾಕಾರವನ್ನು ಯಾರೂ ಮಾಡಿ ತೋರಿಸದಿರುವುದೂ ಒಂದು ಕಾರಣ ಎಂದು ನಾನು ನಂಬುತ್ತೇನೆ.

ಅವಳ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ನಿಯಮಗಳನ್ನು ಮೊದಲಿಂದ ಬರೆದೆವು. ಶೇಕಡಾ ಕಡಿತ ಎರಡರಲ್ಲಿ ದೊಡ್ಡದೊಂದೇ. ನೂರರ ಕಡಿತ ಎಲ್ಲಕ್ಕಿಂತ ಕೊನೆಗೆ. ಎಣ್ಣೆಗೆ ಅಪವಾದ. ದಿನ ಎಂದರೆ ಭಾರತೀಯ ಕಾಲಮಾನದ ನಡುರಾತ್ರಿಯಿಂದ ನಡುರಾತ್ರಿಗೆ. ಎಲ್ಲದರ ಕೆಳಗೆ, ಬೇರೆ ಯಾವ ನಿಯಮವೂ ಮೀರದಂತೆ ಒಂದು ಸಾಲು: ಕೊಟ್ಟ ಬೆಲೆ ಸರಕಿನ ಅಸಲು ಮತ್ತು ಕೊರಿಯರ್ ಸೇರಿದ ಮೊತ್ತಕ್ಕಿಂತ ಕೆಳಗಿಳಿದರೆ ಅಲ್ಲೇ ನಿಲ್ಲಿಸು. ಆ ಸಾಲಿಗೆ ಅವಳು ಇಟ್ಟ ಹೆಸರು 'ಗಿಟ್ಟಲ್ಲ'. ಅಸಲಿನ ಪಟ್ಟಿಯನ್ನು ಪ್ರತಿ ಸೋಮವಾರ ಹೊಸ ಧಾರಣೆ ನೋಡಿ ತಿದ್ದುವುದು ಅಂತಲೂ ಆಯಿತು. ಆಮೇಲೆ ಹಳೆಯ ಆರ್ಡರುಗಳನ್ನೇ ಹೊಸ ನಿಯಮದ ಮೇಲೆ ಒಂದೊಂದಾಗಿ ಓಡಿಸಿದೆವು. ಕೈಯಲ್ಲಿ ಹಾಕಿದ ಲೆಕ್ಕಕ್ಕೂ ಯಂತ್ರದ ಲೆಕ್ಕಕ್ಕೂ ಎರಡು ಕಡೆ ತಾಳೆಯಾಗಲಿಲ್ಲ. ಎರಡೂ ಕಡೆ ತಪ್ಪು ನಮ್ಮ ವಾಕ್ಯದ್ದು.

ಚಿಕ್ಕಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಪುಟವನ್ನು ಪೂರ್ತಿ ಓದಿದರು. "ಎಲ್ಲಾ ಬರ್ದಿದೀರಿ, ಕೊಸರು ಎಲ್ಲಿ?" ಎಂದು ಕೇಳಿದರು.

ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ತರಕಾರಿ ತೂಗಿದ ಮೇಲೆ ಒಂದು ಹಿಡಿ ಹಸಿಮೆಣಸಿನಕಾಯಿ, ಎರಡು ಎಸಳು ಕರಿಬೇವು ಚೀಲಕ್ಕೆ ಬೀಳದಿದ್ದರೆ ವ್ಯಾಪಾರ ಮುಗಿದ ಹಾಗೇ ಅಲ್ಲ. ಗಣಿತದಲ್ಲಿ ಕೊಸರು ರಿಯಾಯಿತಿಗಿಂತ ಬೇರೆಯೇ. ಬೆಲೆಯಲ್ಲಿ ಶೇ 10 ಇಳಿಸಿದರೆ ಗಿರಾಕಿಗೆ ಪೂರಾ ಶೇ 10 ಉಳಿತಾಯ. ಕಿಲೋಗೆ 100 ಗ್ರಾಂ ಹೆಚ್ಚು ಕೊಟ್ಟರೆ 1,100 ಗ್ರಾಮಿನಲ್ಲಿ 100 ಮಾತ್ರ ಬಿಟ್ಟಿ, ಅಂದರೆ ಶೇ 9ಕ್ಕೆ ಸ್ವಲ್ಪ ಮೇಲೆ. 2024ರ ಜೂನ್‌ನಲ್ಲಿ ನಂದಿನಿ ಹಾಲಿನ ಅರ್ಧ ಲೀಟರ್ ಪೊಟ್ಟಣ 550 ಮಿಲಿಲೀಟರ್ ಆಗಿ, ಬೆಲೆ 22ರಿಂದ 24 ಆದಾಗ ಊರೆಲ್ಲ ನಡೆದ ವಾದದ ಬೇರು ಇಲ್ಲೇ ಇತ್ತು. ಲೀಟರಿನ ಲೆಕ್ಕದಲ್ಲಿ 44 ಇದ್ದದ್ದು 43 ರೂಪಾಯಿ 64 ಪೈಸೆಗೆ ಇಳಿದಿತ್ತು. ದಿನಕ್ಕೊಂದು ಪೊಟ್ಟಣ ಸಾಕಾಗುವ ಮನೆಯ ಖರ್ಚು ಎರಡು ರೂಪಾಯಿ ಏರಿತ್ತು. ವಾದಿಸಿದ ಎರಡೂ ಕಡೆಯವರ ಮಾತು ನಿಜ. ಕೊಸರು ಕೊಡುವವರಿಗೆ ಅಗ್ಗ, ಏಕೆಂದರೆ ಅದು ಅಸಲಿನ ಬೆಲೆಯಲ್ಲಿ ಹೋಗುತ್ತದೆ, ಮಾರುವ ಬೆಲೆಯಲ್ಲಲ್ಲ. ಪಡೆಯುವವರಿಗೆ ಕೈಗೆ ಸಿಗುವ, ಮೂಗಿಗೆ ಬಡಿಯುವ ವಸ್ತು.

"ಅದನ್ನ ಹೆಂಗೆ ಬರಿಯೋದಮ್ಮ? ಅದು ನಿನ್ನ ಕೈಯಿಗೆ ಬಂದಷ್ಟು" ಎಂದಳು ಮಗಳು.

ಚಿಕ್ಕಮ್ಮ ಉತ್ತರ ಹೇಳಲಿಲ್ಲ. ಮೇಜಿನ ಮೇಲೆ ತೆರೆದಿದ್ದ ಪೆಟ್ಟಿಗೆಗೆ, ಎಣ್ಣೆ ಬಾಟಲಿಗಳ ಸಂದಿಗೆ, ಕಡಲೆಕಾಯಿ ಚಟ್ನಿಪುಡಿಯ ಪುಟ್ಟ ಪೊಟ್ಟಣವೊಂದನ್ನು ಇಟ್ಟರು. ಮಗಳು ಅದನ್ನು ತೆಗೆದು ತಕ್ಕಡಿಯ ಮೇಲಿಟ್ಟಳು. ನೆಲಗಡಲೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಪೊಟ್ಟಣ ಎಂದು ಬೆರಳು ಮಡಿಸಿ ಎಣಿಸಿದಳು. ಪೊಟ್ಟಣವನ್ನು ಮತ್ತೆ ಅದೇ ಸಂದಿಗೆ ತೂರಿಸಿ, ಅಸಲಿನ ಪಟ್ಟಿಯಲ್ಲಿ ಕೊರಿಯರ್ 110ರ ಕೆಳಗೆ ಇನ್ನೊಂದು ಸಾಲು ಬರೆದಳು: ಕೊಸರು, 10.